ಬೆಕ್ಕು–ಇಲಿಯ ಓಟಕ್ಕೆ ತಾಳ ಹಾಕಿದ ವಿಲಿಯಂ ಹ್ಯಾನಾ

ದೊಮ್ಮಲೂರಿನ ಒಂದು ಓಣಿ. ಸಂಜೆ ಶಾಲೆ ಬಿಟ್ಟು ಬಂದ ಮಕ್ಕಳು ಕೈಕಾಲು ತೊಳೆದು ಟಿ.ವಿ. ಮುಂದೆ ಕುಳಿತಿದ್ದಾರೆ. ಹೊರಗೆ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಬಸ್ಸು, ಆಟೋಗಳ ಗದ್ದಲ. ಮನೆಯೊಳಗೆ ಅದಕ್ಕಿಂತ ದೊಡ್ಡ ಗದ್ದಲ! ಬೂದು ಬಣ್ಣದ ಬೆಕ್ಕೊಂದು ಕಂದು ಬಣ್ಣದ ಪುಟ್ಟ ಇಲಿಯನ್ನು ಅಟ್ಟಿಸಿಕೊಂಡು ಓಡುತ್ತಿದೆ. ಇಲಿ ಸುಯ್ಯನೆ ಗೋಡೆಯ ಬಿಲದೊಳಗೆ ನುಗ್ಗುತ್ತದೆ. ಬೆಕ್ಕು ಗೋಡೆಗೆ ಢಿಕ್ಕಿ ಹೊಡೆದು ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಈ ಓಣಿಯ ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ತಮಿಳು, ಮತ್ತೊಂದರಲ್ಲಿ ತೆಲುಗು, ಮಗದೊಂದರಲ್ಲಿ ಉರ್ದು ಮಾತನಾಡುತ್ತಾರೆ. ಆದರೆ ನಗು ಮಾತ್ರ ಎಲ್ಲ ಮನೆಗಳಲ್ಲೂ ಒಂದೇ ಕ್ಷಣಕ್ಕೆ ಬರುತ್ತದೆ. ಏಕೆಂದರೆ ಆ ಬೆಕ್ಕಾಗಲಿ, ಇಲಿಯಾಗಲಿ ಮಾತನಾಡುವುದೇ ತೀರ ಅಪರೂಪ. ಮಾತಿಲ್ಲದೆ ನಗಿಸುವುದು ಸುಲಭವೇ? ಖಂಡಿತ ಅಲ್ಲ. ಅದರ ಹಿಂದೆ ಗಣಿತವಿದೆ, ವಿಜ್ಞಾನವಿದೆ, ಸಂಗೀತವಿದೆ.

ಆ ಬೆಕ್ಕು ಟಾಮ್, ಆ ಇಲಿ ಜೆರ್ರಿ ಎಂದು ನಿಮಗೆ ಗೊತ್ತೇ ಇದೆ. ಅವುಗಳನ್ನು ಸೃಷ್ಟಿಸಿದವರು ಇಬ್ಬರು. ಒಬ್ಬರು ಜೋಸೆಫ್ ಬಾರ್ಬೆರಾ, ಇನ್ನೊಬ್ಬರು ವಿಲಿಯಂ ಹ್ಯಾನಾ. ಸೋಜಿಗದ ಸಂಗತಿ ಎಂದರೆ, ಇವರಲ್ಲಿ ಹ್ಯಾನಾ ಅವರದು ಚಿತ್ರ ಬರೆಯುವುದರಲ್ಲಿ ಪಳಗಿದ ಕೈ ಅಲ್ಲ. ಆದರೆ ಅವರಿಗೆ ಎಣಿಸಲು ಬರುತ್ತಿತ್ತು. ಬರೀ ಎಣಿಕೆಯಿಂದ ಜಗತ್ತನ್ನು ನಗಿಸಿದ ಅವರ ಕಥೆಯನ್ನು ತಿಳಿಯೋಣ ಬನ್ನಿ.

ಊರಿಂದ ಊರಿಗೆ

ವಿಲಿಯಂ ಹ್ಯಾನಾ ಹುಟ್ಟಿದ್ದು 1910ರ ಜುಲೈ 14ರಂದು, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಮೆಲ್ರೋಸ್ ಎಂಬ ಪುಟ್ಟ ಊರಿನಲ್ಲಿ. ಏಳು ಮಕ್ಕಳ ದೊಡ್ಡ ಸಂಸಾರ. ತಂದೆ ಕಟ್ಟಡ ಕಾಮಗಾರಿಗಳ ಮೇಲ್ವಿಚಾರಕರು. ರೈಲು ಮಾರ್ಗ, ನೀರಿನ ಕೊಳವೆ, ಒಳಚರಂಡಿ, ಹೀಗೆ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿಗೆ ಸಂಸಾರವೂ ಹೋಗಬೇಕು. ನಮ್ಮ ಬೆಂಗಳೂರಿನಲ್ಲೂ ಕಟ್ಟಡದ ಕೆಲಸಕ್ಕಾಗಿ ಊರು ಬಿಟ್ಟು ಬಂದ ಕುಟುಂಬಗಳ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ಅವರಂತೆಯೇ ಬಾಲಕ ವಿಲಿಯಂ ಕೂಡ ಒಂದು ಊರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಊರಿಗೆ ಹೊರಡಬೇಕಾಗುತ್ತಿತ್ತು.

ಅವನಿಗೆ ಮೂರು ವರ್ಷವಾದಾಗ ತಂದೆಗೆ ಆರೆಗಾನ್ ರಾಜ್ಯದಲ್ಲಿ ಅಣೆಕಟ್ಟೊಂದರ ಕೆಲಸ ಸಿಕ್ಕಿತು. ಅಲ್ಲಿಂದ ಯೂಟಾ ರಾಜ್ಯ. ಕೊನೆಗೆ ಕ್ಯಾಲಿಫೋರ್ನಿಯಾ. 1919ರಲ್ಲಿ ಲಾಸ್ ಏಂಜಲೀಸ್ ಬಳಿಯ ವಾಟ್ಸ್ ಎಂಬಲ್ಲಿ ಸಂಸಾರ ನೆಲೆ ನಿಂತಿತು.

ಹುಡುಗನಿಗೆ ಎರಡು ವಿಷಯಗಳಲ್ಲಿ ಬಹಳ ಆಸಕ್ತಿ. ಒಂದು ಸ್ಕೌಟ್, ಇನ್ನೊಂದು ಸಂಗೀತ. 1922ರಲ್ಲಿ ಸ್ಕೌಟ್ ದಳ ಸೇರಿದ ಅವನು ಮುಂದೆ ಅದರ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಆದನು. ಪ್ರೌಢಶಾಲೆಯಲ್ಲಿ ಓದುವಾಗ ಸ್ಯಾಕ್ಸೊಫೋನ್ ಎಂಬ ಊದುವ ವಾದ್ಯವನ್ನು ನುಡಿಸಲು ಕಲಿತು, ನೃತ್ಯಕ್ಕೆ ವಾದ್ಯ ನುಡಿಸುವ ತಂಡವೊಂದನ್ನು ಸೇರಿದನು. ಅಂಥ ತಂಡದಲ್ಲಿ ಒಬ್ಬರು ತಾಳ ತಪ್ಪಿದರೂ ಕುಣಿಯುವವರ ಹೆಜ್ಜೆ ತಪ್ಪುತ್ತದೆ. ಹೀಗಾಗಿ ಕಾಲವನ್ನು ಮನಸ್ಸಿನಲ್ಲೇ ಸಮನಾಗಿ ಎಣಿಸುವ ಅಭ್ಯಾಸ ಅವನಿಗೆ ಚಿಕ್ಕಂದಿನಲ್ಲೇ ಬಂತು. ಇದನ್ನು ನೆನಪಿನಲ್ಲಿಡಿ. ಮುಂದೆ ಟಾಮ್ ಓಡುವುದು ಈ ಎಣಿಕೆಯ ಮೇಲೆಯೇ!

ಕೆಲಸ ಕಳೆದುಕೊಂಡ ದಿನಗಳು

ಶಾಲೆ ಮುಗಿದ ಮೇಲೆ ಹ್ಯಾನಾ ಕಾಂಪ್ಟನ್ ಎಂಬಲ್ಲಿನ ಕಾಲೇಜು ಸೇರಿದರು. ಪತ್ರಿಕೋದ್ಯಮ ಹಾಗೂ ಕಟ್ಟಡಗಳ ಎಂಜಿನಿಯರಿಂಗ್ ಅವರ ವಿಷಯಗಳು. ತಂದೆಯ ಹಾದಿಯಲ್ಲೇ ನಡೆಯಬೇಕೆಂಬುದು ಅವರ ಆಸೆಯಾಗಿತ್ತು. ಆದರೆ 1929ರಲ್ಲಿ ಅಮೆರಿಕದಲ್ಲಿ ಭಾರೀ ಆರ್ಥಿಕ ಕುಸಿತ ಶುರುವಾಯಿತು. ಬ್ಯಾಂಕುಗಳು ಮುಚ್ಚಿದವು, ಕಾರ್ಖಾನೆಗಳು ನಿಂತವು. ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಇದನ್ನು ಇತಿಹಾಸದಲ್ಲಿ ಮಹಾ ಆರ್ಥಿಕ ಕುಸಿತ ಎನ್ನುತ್ತಾರೆ. ಹ್ಯಾನಾ ಓದನ್ನು ಅರ್ಧಕ್ಕೆ ಬಿಡಬೇಕಾಯಿತು.

ಹಾಲಿವುಡ್‌ನಲ್ಲಿ ಪ್ಯಾಂಟೇಜಸ್ ಎಂಬ ದೊಡ್ಡ ರಂಗಮಂದಿರ ಕಟ್ಟುವ ಕೆಲಸದಲ್ಲಿ ಅವರು ಸ್ವಲ್ಪ ಕಾಲ ದುಡಿದರು. ಆ ಕೆಲಸವೂ ಹೋಯಿತು. ಆಮೇಲೆ ಸಿಕ್ಕಿದ್ದು ಕಾರು ತೊಳೆಯುವ ಕೆಲಸ. ಎಂಜಿನಿಯರ್ ಆಗಲು ಹೊರಟಿದ್ದ ಇಪ್ಪತ್ತರ ತರುಣ ಬಕೆಟ್ ಹಿಡಿದು ಕಾರು ತೊಳೆದರು. ಕೆಲಸ ಯಾವುದಾದರೇನು, ಸುಮ್ಮನೆ ಕೂರುವಂತಿರಲಿಲ್ಲ.

ಅಷ್ಟರಲ್ಲಿ ಪರಿಚಿತರೊಬ್ಬರು ಸಿನಿಮಾಗಳಿಗೆ ಶೀರ್ಷಿಕೆ ಬರೆದುಕೊಡುವ ಕಂಪನಿಯೊಂದರಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಸಿದರು. ಅಲ್ಲಿಂದ ಹ್ಯಾನಾ 1930ರಲ್ಲಿ ಹಾರ್ಮನ್ ಮತ್ತು ಐಸಿಂಗ್ ಎಂಬ ಇಬ್ಬರು ನಡೆಸುತ್ತಿದ್ದ ಕಾರ್ಟೂನ್ ಸ್ಟುಡಿಯೊ ಸೇರಿದರು. ಕಾರ್ಟೂನ್ ಲೋಕಕ್ಕೆ ಅವರು ಕಾಲಿಟ್ಟದ್ದು ಕಲೆಗಾಗಿ ಅಲ್ಲ, ಹೊಟ್ಟೆಪಾಡಿಗಾಗಿ.

ನಿಂತ ಚಿತ್ರ ಓಡುವುದು ಹೇಗೆ?

ಇಲ್ಲಿ ಸ್ವಲ್ಪ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಕಾಗದದ ಮೇಲೆ ಬರೆದ ಬೆಕ್ಕು ಓಡುವುದಾದರೂ ಹೇಗೆ?

ನಿಜ ಹೇಳಬೇಕೆಂದರೆ ಅದು ಓಡುವುದೇ ಇಲ್ಲ! ಪರದೆಯ ಮೇಲೆ ಒಂದಾದ ಮೇಲೊಂದು ನಿಂತ ಚಿತ್ರಗಳು ಬಂದು ಹೋಗುತ್ತವೆ. ಮೊದಲ ಚಿತ್ರದಲ್ಲಿ ಬೆಕ್ಕಿನ ಕಾಲು ನೆಲದ ಮೇಲಿದೆ. ಮುಂದಿನದರಲ್ಲಿ ತುಸು ಮೇಲೆದ್ದಿದೆ. ಅದರ ಮುಂದಿನದರಲ್ಲಿ ಇನ್ನೂ ತುಸು ಮೇಲಿದೆ. ಇಂಥ ಚಿತ್ರಗಳು ಬಹಳ ಬೇಗ ಬೇಗ ಕಣ್ಣ ಮುಂದೆ ಬಂದಾಗ ನಮ್ಮ ಮಿದುಳು ಅವುಗಳನ್ನು ಬೇರೆ ಬೇರೆಯಾಗಿ ನೋಡುವುದಿಲ್ಲ. ನಡುವಿನ ಅಂತರವನ್ನು ತಾನೇ ತುಂಬಿಕೊಂಡು, ಒಂದೇ ಕಾಲು ಮೇಲೇಳುತ್ತಿದೆ ಎಂದು ತಿಳಿಯುತ್ತದೆ. ಅಂದರೆ ಓಟ ಇರುವುದು ಕಾಗದದಲ್ಲಲ್ಲ, ನಮ್ಮ ತಲೆಯೊಳಗೆ.

1832ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿ ಜೋಸೆಫ್ ಪ್ಲೇಟೊ ಒಂದು ತಿರುಗುವ ತಟ್ಟೆಯ ಮೇಲೆ ಚಿತ್ರಗಳನ್ನು ಬರೆದು ಈ ಚಮತ್ಕಾರವನ್ನು ತೋರಿಸಿದ್ದರು. ಅದಕ್ಕೂ ಬಹಳ ಮೊದಲೇ ನಮ್ಮ ನಾಡಿನ ಹಳ್ಳಿಗಳಲ್ಲಿ ತೊಗಲುಗೊಂಬೆಯಾಟದ ಕಲಾವಿದರು ದೀಪದ ಬೆಳಕಿನಲ್ಲಿ, ಬಿಳಿ ಪರದೆಯ ಹಿಂದೆ ರಾಮ–ಹನುಮರನ್ನು ಕುಣಿಸುತ್ತಿದ್ದರು. ಆದರೆ ಗೊಂಬೆಯಾಟದಲ್ಲಿ ಕಲಾವಿದನ ಕೈ ಅಲ್ಲೇ ಇರುತ್ತದೆ. ಹೆಜ್ಜೆ ತಡವಾದರೆ ಕೂಡಲೇ ಸರಿಪಡಿಸಬಹುದು. ಕಾರ್ಟೂನಿನಲ್ಲಿ ಹಾಗಲ್ಲ. ಯಾವ ಕ್ಷಣಕ್ಕೆ ಏನಾಗಬೇಕೆಂದು ಮೊದಲೇ ಲೆಕ್ಕ ಹಾಕಿಡಬೇಕು.

ಲೆಕ್ಕ ಎಷ್ಟು ದೊಡ್ಡದು ನೋಡಿ. ಸಿನಿಮಾ ಸುರುಳಿಯಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಈ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಒಂದು ನಿಮಿಷಕ್ಕೆ 24 × 60 = 1,440 ಫ್ರೇಮ್. ಏಳು ನಿಮಿಷದ ಕಾರ್ಟೂನಿಗೆ 1,440 × 7 = 10,080 ಫ್ರೇಮ್! ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ ಒಂದೇ ಪಾತ್ರಕ್ಕೆ ಸುಮಾರು ಐದು ಸಾವಿರ ಚಿತ್ರ ಬೇಕು. ಈಗ ಕಂಪ್ಯೂಟರ್ ಇದೆ. ಆಗ ಎಲ್ಲವನ್ನೂ ಕೈಯಿಂದಲೇ ಬರೆಯಬೇಕಿತ್ತು.

ಬಣ್ಣದ ಕೋಣೆಯಿಂದ ನಿರ್ದೇಶಕರ ಕುರ್ಚಿಗೆ

ಹ್ಯಾನಾ ಸೇರಿದ ಸ್ಟುಡಿಯೊದಲ್ಲಿ ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಚಿತ್ರಕಾರರು ಕಾಗದದ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆಯುತ್ತಾರೆ. ಅದರ ಮೇಲೆ ಸೆಲ್ಯುಲಾಯ್ಡ್ ಎಂಬ ಪಾರದರ್ಶಕ ಹಾಳೆಯನ್ನಿಟ್ಟು, ಶಾಯಿಯಿಂದ ಗೆರೆಗಳನ್ನು ತಿದ್ದುತ್ತಾರೆ. ಹಾಳೆಯ ಹಿಂಬದಿಗೆ ಬಣ್ಣ ತುಂಬುತ್ತಾರೆ. ಮನೆ, ಮರ, ಬೀದಿ ಮೊದಲಾದ ಹಿನ್ನೆಲೆಯನ್ನು ಬೇರೆ ಕಾಗದದಲ್ಲಿ ಬರೆದಿರುತ್ತಾರೆ. ಹಿನ್ನೆಲೆಯ ಮೇಲೆ ಪಾರದರ್ಶಕ ಹಾಳೆಯನ್ನಿಟ್ಟು ಕ್ಯಾಮೆರಾದಿಂದ ಒಂದು ಫೋಟೊ. ಹಾಳೆ ಬದಲಿಸಿ ಇನ್ನೊಂದು ಫೋಟೊ. ಹೀಗೆ ಸಾವಿರಾರು ಸಲ!

ಸಣ್ಣಪುಟ್ಟ ಕೆಲಸಗಳಿಂದ ಆರಂಭಿಸಿದ ಹ್ಯಾನಾ ಶಾಯಿ ಮತ್ತು ಬಣ್ಣದ ವಿಭಾಗದ ಮುಖ್ಯಸ್ಥರಾದರು. ಬಿಡುವಿನಲ್ಲಿ ಕಾರ್ಟೂನುಗಳಿಗೆ ಹಾಡು ಬರೆದರು, ರಾಗ ಕೂಡಿಸಿದರು. ತಮ್ಮ ಸುತ್ತಲಿನ ಚಿತ್ರಕಾರರಷ್ಟು ಚೆನ್ನಾಗಿ ತಮಗೆ ಬರೆಯಲು ಬಾರದು ಎಂಬುದನ್ನು ಅವರು ಬೇಗನೆ ಕಂಡುಕೊಂಡರು. ಅದಕ್ಕಾಗಿ ಕೊರಗುತ್ತ ಕೂರಲಿಲ್ಲ. ತಮಗೆ ಏನು ಬರುತ್ತದೆ ಎಂದು ನೋಡಿಕೊಂಡರು. ಸಂಗೀತದ ತಾಳ ಗೊತ್ತಿತ್ತು. ಎಂಜಿನಿಯರಿಂಗ್ ಓದಿನಿಂದ ಲೆಕ್ಕದ ಶಿಸ್ತು ಬಂದಿತ್ತು. ಕಾರ್ಟೂನಿಗೆ ಬೇಕಾಗಿದ್ದುದೂ ಇವೇ ಎರಡು!

1936ರಲ್ಲಿ ಅವರು ನಿರ್ದೇಶಿಸಿದ ಮೊದಲ ಕಾರ್ಟೂನ್ 'ಟು ಸ್ಪ್ರಿಂಗ್' ಹೊರಬಂತು. ಅದೇ 1936ರಲ್ಲಿ ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿ ಪ್ಲಾಜಾ ಚಿತ್ರಮಂದಿರ ಆರಂಭವಾಯಿತು. ದೊಮ್ಮಲೂರಿನಿಂದ ಬಸ್ಸು ಹತ್ತಿ ಟ್ರಿನಿಟಿ ವೃತ್ತ ದಾಟಿ ಎಂ.ಜಿ. ರಸ್ತೆಗೆ ಹೋದರೆ, ಅದು ಇದ್ದ ಜಾಗದಲ್ಲಿ ಇಂದು ಮೆಟ್ರೊ ನಿಲ್ದಾಣವಿದೆ. ಟಿ.ವಿ. ಇಲ್ಲದ ಆ ಕಾಲದಲ್ಲಿ ಇಂಗ್ಲಿಷ್ ಚಿತ್ರ ತೋರಿಸುವ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಪುಟ್ಟ ಕಾರ್ಟೂನುಗಳನ್ನು ತೋರಿಸುವ ವಾಡಿಕೆಯಿತ್ತು. ಕಾರ್ಟೂನುಗಳು ಏಳೆಂಟು ನಿಮಿಷದಷ್ಟೇ ಇರುತ್ತಿದ್ದುದು ಇದಕ್ಕಾಗಿಯೇ.

ಇಬ್ಬರು ಜೊತೆಯಾದರು

1937ರಲ್ಲಿ ಎಂ.ಜಿ.ಎಂ. ಎಂಬ ದೊಡ್ಡ ಸಿನಿಮಾ ಕಂಪನಿ ತನ್ನದೇ ಕಾರ್ಟೂನ್ ಸ್ಟುಡಿಯೊ ತೆರೆಯಿತು. ಹ್ಯಾನಾ ಅಲ್ಲಿಗೆ ಸೇರಿದರು. ಅದೇ ವರ್ಷ ನ್ಯೂಯಾರ್ಕ್‌ನಿಂದ ಜೋಸೆಫ್ ಬಾರ್ಬೆರಾ ಎಂಬ ತರುಣ ಚಿತ್ರಕಾರರೂ ಬಂದು ಸೇರಿದರು. ಬಾರ್ಬೆರಾ ಅವರ ಕೈಯಲ್ಲಿ ಪೆನ್ಸಿಲ್ ಮಿಂಚಿನಂತೆ ಓಡುತ್ತಿತ್ತು. ತಮಾಷೆಯ ಪ್ರಸಂಗಗಳು ಅವರಿಗೆ ಥಟ್ಟನೆ ಹೊಳೆಯುತ್ತಿದ್ದವು. ಹ್ಯಾನಾ ಅವರಿಗೆ ಆ ಪ್ರಸಂಗ ಎಷ್ಟು ಹೊತ್ತು ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ತಿಳಿಯುತ್ತಿತ್ತು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು. ಇಬ್ಬರೂ ಒಟ್ಟಿಗೆ ಕೆಲಸ ಮಾಡತೊಡಗಿದರು.

ಒಂದು ಬೆಕ್ಕು, ಒಂದು ಇಲಿ. ಇವುಗಳ ಜಗಳವನ್ನೇ ಕಥೆ ಮಾಡೋಣ ಎಂದು ಇಬ್ಬರೂ ಯೋಚಿಸಿದರು. ಬೆಕ್ಕು–ಇಲಿ ಕಥೆ ಹಳಸಲು, ಅದರಲ್ಲಿ ಹೊಸದೇನಿದೆ ಎಂದು ಸ್ಟುಡಿಯೊದಲ್ಲಿ ಅನೇಕರು ಮೂಗು ಮುರಿದರು. ಆದರೂ 1940ರ ಫೆಬ್ರವರಿ 10ರಂದು 'ಪುಸ್ ಗೆಟ್ಸ್ ದಿ ಬೂಟ್' ಎಂಬ ಚಿತ್ರ ತೆರೆಕಂಡಿತು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್! ಮನೆ ನೋಡಿಕೊಳ್ಳುವಾಕೆ ಬೆಕ್ಕಿಗೆ ಎಚ್ಚರಿಕೆ ಕೊಡುತ್ತಾಳೆ. ಇನ್ನೊಂದು ವಸ್ತು ಒಡೆದರೆ ಮನೆಯಿಂದ ಹೊರಗೆ. ಇದನ್ನು ಕೇಳಿಸಿಕೊಂಡ ಇಲಿ ಗಾಜಿನ ಲೋಟವನ್ನು ಮೇಜಿನ ಅಂಚಿಗೆ ತಂದು, ಬೀಳಿಸುತ್ತೇನೆಂದು ಬೆಕ್ಕನ್ನು ಹೆದರಿಸುತ್ತದೆ. ಪುಟ್ಟ ಇಲಿಯ ಜಾಣತನದ ಮುಂದೆ ದೊಡ್ಡ ಬೆಕ್ಕಿನ ಬಲ ಸೋಲುತ್ತದೆ.

ಕಂಪನಿ ಈ ಚಿತ್ರದ ಬಗ್ಗೆ ಹೆಚ್ಚೇನೂ ಆಸೆ ಇಟ್ಟುಕೊಂಡಿರಲಿಲ್ಲ. ಬೇರೆ ಕಥೆ ಮಾಡಿ ಎಂದು ಇಬ್ಬರಿಗೂ ಸೂಚಿಸಿತು. ಆದರೆ ಜನ ಆ ಬೆಕ್ಕು–ಇಲಿಯನ್ನು ಮೆಚ್ಚಿದ್ದರು. ಚಿತ್ರ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಗೂ ಆಯ್ಕೆಯಾಯಿತು. ಟೆಕ್ಸಾಸ್ ರಾಜ್ಯದಲ್ಲಿ ಚಿತ್ರಮಂದಿರಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಆ ಬೆಕ್ಕು–ಇಲಿಯ ಇನ್ನಷ್ಟು ಚಿತ್ರಗಳು ಬರುತ್ತವೆಯೇ ಎಂದು ಪತ್ರ ಬರೆದು ವಿಚಾರಿಸಿದರು. ಆಗ ಕಂಪನಿ ಮನಸ್ಸು ಬದಲಿಸಿತು. ಹೊಸ ಹೆಸರಿಗಾಗಿ ಸ್ಟುಡಿಯೊದವರಲ್ಲೇ ಒಂದು ಸ್ಪರ್ಧೆ ಇಟ್ಟರು. 50 ಡಾಲರ್ ಬಹುಮಾನ ಗೆದ್ದ ಹೆಸರುಗಳೇ ಟಾಮ್ ಮತ್ತು ಜೆರ್ರಿ.

ಹೆಜ್ಜೆಗೆ 12, ಓಟಕ್ಕೆ 6

ಈಗ ಹ್ಯಾನಾ ಅವರ ಎಣಿಕೆಯ ಗುಟ್ಟನ್ನು ನೋಡೋಣ.

ನಿಮ್ಮಲ್ಲಿ ಯಾರಾದರೂ ಸಂಗೀತ ಪಾಠಕ್ಕೆ ಹೋಗುತ್ತಿದ್ದರೆ ಆದಿತಾಳ ಗೊತ್ತಿರುತ್ತದೆ. ಒಂದು ತಟ್ಟು, ಮೂರು ಬೆರಳಿನ ಎಣಿಕೆ, ಆಮೇಲೆ ತಟ್ಟು–ಬೀಸು, ತಟ್ಟು–ಬೀಸು. ಒಟ್ಟು ಎಂಟು. ಹಾಡು ಏನೇ ಇರಲಿ, ತಾಳ ಸಮನಾಗಿ ಸಾಗುತ್ತದೆ. ಹ್ಯಾನಾ ಕೂಡ ಮೆಟ್ರೊನೋಮ್ ಎಂಬ ಉಪಕರಣವನ್ನು ಬಳಸುತ್ತಿದ್ದರು. ಅದು ಟಿಕ್ ಟಿಕ್ ಎಂದು ಸಮನಾದ ತಾಳ ಹಾಕುವ ಯಂತ್ರ. ಒಂದು ಸೆಕೆಂಡಿಗೆ ಎರಡು ಟಿಕ್ ಬರುವಂತೆ ಅದನ್ನು ಇಟ್ಟರೆ, ಒಂದು ಟಿಕ್‌ಗೆ 12 ಫ್ರೇಮ್. ಬೆಕ್ಕು ಸಾಧಾರಣವಾಗಿ ನಡೆಯುವಾಗ ಒಂದು ಹೆಜ್ಜೆಗೆ 12 ಫ್ರೇಮ್ ಕೊಡಬಹುದು. ಓಡುವಾಗ ಹೆಜ್ಜೆಗೆ 6 ಸಾಕು. ಕಳ್ಳಹೆಜ್ಜೆ ಇಡುವಾಗ ಇನ್ನೂ ಹೆಚ್ಚು ಬೇಕು.

ಕಥೆಯ ಚಿತ್ರಗಳನ್ನು ಬಾರ್ಬೆರಾ ಬರೆಯುತ್ತಿದ್ದರು. ಹ್ಯಾನಾ ಮನಸ್ಸಿನಲ್ಲೇ ಆ ದೃಶ್ಯವನ್ನು ನಡೆಸಿ, ಎಣಿಸಿ, ಯಾವ ಫ್ರೇಮಿನಲ್ಲಿ ಏನಾಗಬೇಕೆಂದು ದೊಡ್ಡ ಹಾಳೆಯಲ್ಲಿ ಸಾಲುಸಾಲಾಗಿ ನಮೂದಿಸುತ್ತಿದ್ದರು. ಚಿತ್ರಕಾರರು ಅದರಂತೆ ಬೆಕ್ಕು–ಇಲಿಯನ್ನು ಬರೆಯುತ್ತಿದ್ದರು. ಸಂಗೀತ ನಿರ್ದೇಶಕ ಸ್ಕಾಟ್ ಬ್ರಾಡ್ಲಿ ಅದಕ್ಕೆ ತಕ್ಕಂತೆ ಸ್ವರ ಹಾಕುತ್ತಿದ್ದರು. ಆದುದರಿಂದಲೇ ಟಾಮ್ ಮೆಟ್ಟಿಲು ಹತ್ತುವಾಗ ಪಿಯಾನೊ ಸ್ವರವೂ ಮೇಲೇರುತ್ತದೆ, ಜಾರಿದರೆ ಸ್ವರವೂ ಜಾರುತ್ತದೆ. 1947ರಲ್ಲಿ ಬಿಡುಗಡೆಯಾದ 'ದಿ ಕ್ಯಾಟ್ ಕನ್ಸರ್ಟೊ' ಚಿತ್ರದಲ್ಲಿ ಟಾಮ್ ಪಿಯಾನೊ ವಾದಕ. ಪಿಯಾನೊ ಒಳಗೆ ಮಲಗಿದ್ದ ಜೆರ್ರಿಗೆ ನಿದ್ದೆಗೆಟ್ಟು ಸಿಟ್ಟು ಬರುತ್ತದೆ. ಕಛೇರಿಯ ನಡುವೆಯೇ ಜಗಳ! ಆದರೆ ಎಷ್ಟೇ ಜಗಳವಾದರೂ ಸಂಗೀತ ನಿಲ್ಲುವುದಿಲ್ಲ, ತಾಳ ತಪ್ಪುವುದಿಲ್ಲ.

ಇನ್ನೊಂದು ಮೋಜಿನ ಸಂಗತಿ. ಬಾಲಕ್ಕೆ ಪೆಟ್ಟು ಬಿದ್ದಾಗ ಟಾಮ್ ಕಿಟಾರನೆ ಕಿರುಚುತ್ತದಲ್ಲ, ಅದು ಯಾರ ದನಿ ಗೊತ್ತೇ? ಸ್ವತಃ ವಿಲಿಯಂ ಹ್ಯಾನಾ ಅವರದು!

ಬೀಳುವ ತೆಂಗಿನಕಾಯಿ, ಬೀಳದ ಬೆಕ್ಕು

ತೆಂಗಿನಮರದಿಂದ ಕಾಯಿ ಬೀಳುವುದನ್ನು ನೀವು ನೋಡಿರಬಹುದು. ಅದು ಒಂದೇ ವೇಗದಲ್ಲಿ ಬೀಳುವುದಿಲ್ಲ. ಭೂಮಿಯ ಗುರುತ್ವ ಸೆಳೆಯುತ್ತಿರುವುದರಿಂದ ಕ್ಷಣಕ್ಷಣಕ್ಕೂ ವೇಗ ಹೆಚ್ಚುತ್ತದೆ. ನಿಮ್ಮ ಚೀಲದಲ್ಲಿರುವ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೆನೆಸಿಕೊಳ್ಳಿ. ಬಿಟ್ಟ ಮೊದಲ ಕಾಲು ಸೆಕೆಂಡಿನಲ್ಲಿ ಕಾಯಿ ಸುಮಾರು ಒಂದು ಪಟ್ಟಿಯಷ್ಟು ಕೆಳಗಿಳಿಯುತ್ತದೆ. ಎರಡನೆಯ ಕಾಲು ಸೆಕೆಂಡಿನಲ್ಲಿ ಮೂರು ಪಟ್ಟಿ, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು. ಹೀಗೆ ಒಂದು ಸೆಕೆಂಡಿನಲ್ಲಿ 16 ಪಟ್ಟಿ, ಅಂದರೆ ಸುಮಾರು ಐದು ಮೀಟರ್.

ಕಾರ್ಟೂನ್ ಮಾಡುವವರಿಗೆ ಈ ಲೆಕ್ಕ ತಿಳಿದಿರಲೇಬೇಕು. ಬೀಳುವ ಹೂಕುಂಡವನ್ನು ಬರೆಯುವಾಗ ಮೊದಮೊದಲ ಚಿತ್ರಗಳು ಹತ್ತಿರ ಹತ್ತಿರ, ಆಮೇಲಿನವು ದೂರ ದೂರ ಇರಬೇಕು. ಎಲ್ಲ ಚಿತ್ರಗಳ ನಡುವೆ ಒಂದೇ ಅಂತರ ಇಟ್ಟರೆ ಹೂಕುಂಡ ಬಿದ್ದಂತೆ ಕಾಣದು, ಹಗ್ಗ ಕಟ್ಟಿ ಇಳಿಸಿದಂತೆ ಕಾಣುತ್ತದೆ.

ಹಾಗಾದರೆ ಟಾಮ್ ಮಾಳಿಗೆಯ ಅಂಚು ದಾಟಿ ಗಾಳಿಯಲ್ಲೇ ನಿಂತು, ಕೆಳಗೆ ನೋಡಿ, ನಮ್ಮತ್ತ ತಿರುಗಿ, ಆಮೇಲೆ ಬೀಳುತ್ತದಲ್ಲ? ಅದು ಗುರುತ್ವದ ನಿಯಮಕ್ಕೆ ವಿರುದ್ಧ. ನಗು ಬರುವುದೂ ಅದಕ್ಕೇ! ಬೆಕ್ಕು ಈಗ ಬೀಳುತ್ತದೆ ಎಂದು ನಮಗೆ ಗೊತ್ತು, ಬೆಕ್ಕಿಗೆ ಇನ್ನೂ ಗೊತ್ತಿಲ್ಲ. ಆ ಕೆಲವು ಫ್ರೇಮ್‌ಗಳ ಕಾಯುವಿಕೆಯಲ್ಲಿ ನಗು ಹುಟ್ಟುತ್ತದೆ. ತೀರ ಬೇಗ ಬಿದ್ದರೆ ನಮಗೆ ಅರ್ಥವಾಗುವುದಿಲ್ಲ, ತೀರ ತಡವಾದರೆ ಬೇಸರ ಬರುತ್ತದೆ. ಆ ಹದವನ್ನು ಎಣಿಸಿ ಹಿಡಿಯುವುದೇ ಹ್ಯಾನಾ ಅವರ ಕೆಲಸ. ನಿಯಮ ಗೊತ್ತಿದ್ದವರಷ್ಟೇ ಅದನ್ನು ತಮಾಷೆಯಾಗಿ ಮುರಿಯಬಲ್ಲರು.

ಆದರೆ ಒಂದು ಮಾತು ಮರೆಯಬೇಡಿ. ಪರದೆಯ ಮೇಲೆ ಚಪ್ಪಟೆಯಾದ ಟಾಮ್ ಮರುಕ್ಷಣ ಎದ್ದು ಓಡುತ್ತದೆ. ನಿಜವಾದ ಬೆಕ್ಕಿಗೆ, ನಾಯಿಗೆ, ನಿಮ್ಮ ಗೆಳೆಯನಿಗೆ ಪೆಟ್ಟು ಬಿದ್ದರೆ ಎಲುಬು ಮುರಿಯುತ್ತದೆ. ಅದನ್ನು ಎಂದೂ ಅನುಕರಿಸಬಾರದು. ಆ ಕಾಲದ ಕೆಲವು ಟಾಮ್–ಜೆರ್ರಿ ಚಿತ್ರಗಳಲ್ಲಿ ಕಪ್ಪು ವರ್ಣದ ಜನರನ್ನು ಗೇಲಿ ಮಾಡುವ ದೃಶ್ಯಗಳೂ ಇದ್ದವು. ಮೈಬಣ್ಣ ನೋಡಿ ನಗುವುದು ತಪ್ಪು ಎಂದು ಇಂದಿನ ಪ್ರೇಕ್ಷಕರು ಅವನ್ನು ಒಪ್ಪುವುದಿಲ್ಲ.

ಬಾಗಿಲು ಮುಚ್ಚಿತು, ದಾರಿ ತೆರೆಯಿತು

ಹ್ಯಾನಾ ಮತ್ತು ಬಾರ್ಬೆರಾ ಜೋಡಿ 1940ರಿಂದ 1958ರವರೆಗೆ ತೆರೆಕಂಡ 114 ಟಾಮ್–ಜೆರ್ರಿ ಚಿತ್ರಗಳನ್ನು ಮಾಡಿತು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಮೊದಲನೆಯದು 1943ರ 'ದಿ ಯಾಂಕೀ ಡೂಡಲ್ ಮೌಸ್'. 1945ರ 'ಆಂಕರ್ಸ್ ಅವೇ' ಎಂಬ ಸಿನಿಮಾದಲ್ಲಂತೂ ನಟ ಜೀನ್ ಕೆಲ್ಲಿ ಅವರ ಜೊತೆ ಜೆರ್ರಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ಕುಣಿಯಿತು! ನಿಜವಾದ ಮನುಷ್ಯನ ಒಂದೊಂದು ಹೆಜ್ಜೆಯನ್ನೂ ಫ್ರೇಮ್ ಲೆಕ್ಕದಲ್ಲಿ ಅಳೆದು ಇಲಿಯ ಹೆಜ್ಜೆ ಬರೆದಿದ್ದರು.

ಅಷ್ಟೆಲ್ಲ ಕೀರ್ತಿ ಬಂದ ಮೇಲೂ ಕಷ್ಟ ತಪ್ಪಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಮನೆಮನೆಗೆ ಟಿ.ವಿ. ಬಂತು. ಚಿತ್ರಮಂದಿರಗಳಿಗೆ ಹೋಗುವವರು ಕಡಿಮೆಯಾದರು. ಹಳೆಯ ಕಾರ್ಟೂನುಗಳನ್ನೇ ಮತ್ತೆ ತೋರಿಸಿದರೂ ಹೊಸದರಷ್ಟೇ ಹಣ ಬರುತ್ತದೆ, ಹೊಸದು ಏಕೆ ಎಂದು ಕಂಪನಿ ಲೆಕ್ಕ ಹಾಕಿತು. 1957ರಲ್ಲಿ ಕಾರ್ಟೂನ್ ಸ್ಟುಡಿಯೊ ಮುಚ್ಚಿತು. ಹ್ಯಾನಾ ಅವರಿಗೆ ಆಗ 46 ವರ್ಷ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡಿದ್ದವರು ಮತ್ತೆ ಕೆಲಸ ಕಳೆದುಕೊಂಡರು. ಈ ಸಲ ಜೊತೆಗೆ ಚಿತ್ರಕಾರರು, ಬಣ್ಣ ತುಂಬುವವರು, ಹೀಗೆ ಇನ್ನೂ ಎಷ್ಟೋ ಮಂದಿ ಇದ್ದರು.

ಇಬ್ಬರೂ ಎದೆಗುಂದಲಿಲ್ಲ. ಯಾವ ಟಿ.ವಿ. ತಮ್ಮ ಕೆಲಸ ಕಸಿದಿತ್ತೋ ಅದೇ ಟಿ.ವಿ.ಗೆ ಕಾರ್ಟೂನ್ ಮಾಡಲು ಹೊಸ ಕಂಪನಿ ಕಟ್ಟಿದರು. ಆದರೆ ಟಿ.ವಿ.ಯವರು ಕೊಡುತ್ತಿದ್ದ ಹಣ ಟಾಮ್–ಜೆರ್ರಿ ಚಿತ್ರಗಳಿಗೆ ಸಿಗುತ್ತಿದ್ದುದರ ಹತ್ತನೆಯ ಒಂದು ಪಾಲಿನಷ್ಟೂ ಇರಲಿಲ್ಲ. ಅಷ್ಟರಲ್ಲಿ ಸಾವಿರಾರು ಚಿತ್ರ ಬರೆಯಿಸುವುದು ಹೇಗೆ?

ಮತ್ತೆ ಎಣಿಕೆಯೇ ನೆರವಿಗೆ ಬಂತು. ಪಾತ್ರ ಮಾತನಾಡುವಾಗ ಇಡೀ ದೇಹವನ್ನು ಮತ್ತೆ ಮತ್ತೆ ಬರೆಯುವುದೇಕೆ? ದೇಹವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ತಲೆ ಅಥವಾ ಬಾಯಿಯನ್ನು ಮಾತ್ರ ಬೇರೆ ಹಾಳೆಗಳಲ್ಲಿ ಬದಲಿಸಿದರಾಯಿತು. ಯೋಗಿ ಎಂಬ ಕರಡಿಯ ಕುತ್ತಿಗೆಗೆ ಒಂದು ಪಟ್ಟಿ ಇದೆ, ನೋಡಿದ್ದೀರಾ? ಅದು ಬರೀ ಅಲಂಕಾರವಲ್ಲ. ತಲೆಯ ಹಾಳೆ, ದೇಹದ ಹಾಳೆ ಕೂಡುವ ಜಾಗವನ್ನು ಆ ಪಟ್ಟಿ ಮರೆಮಾಡುತ್ತದೆ! ಓಡುವಾಗ ಅದೇ ಹೆಜ್ಜೆಗಳನ್ನು ತಿರುತಿರುಗಿ ಬಳಸಿ, ಹಿನ್ನೆಲೆಯನ್ನು ಹಿಂದಕ್ಕೆ ಸರಿಸಿದರು. ಇಷ್ಟು ಕಡಿಮೆ ಚಿತ್ರಗಳಲ್ಲಿ ಟಾಮ್–ಜೆರ್ರಿಯ ಸೊಗಸು ಇಲ್ಲ ಎಂದು ಟೀಕಿಸಿದವರೂ ಇದ್ದರು. ಅದು ಸುಳ್ಳಲ್ಲ. ಆದರೆ ಈ ಉಪಾಯದಿಂದ ಮುಚ್ಚಿಹೋಗಲಿದ್ದ ಕಸುಬು ಉಳಿಯಿತು, ಅನೇಕ ಕಲಾವಿದರಿಗೆ ಅನ್ನ ಸಿಕ್ಕಿತು.

1957ರ ಡಿಸೆಂಬರಿನಲ್ಲಿ ಅವರ ಮೊದಲ ಟಿ.ವಿ. ಕಾರ್ಟೂನ್ 'ರಫ್ ಅಂಡ್ ರೆಡ್ಡಿ' ಬಂತು. 1960ರಲ್ಲಿ ಶಿಲಾಯುಗದ ಸಂಸಾರದ ಕಥೆಯಾದ 'ದಿ ಫ್ಲಿಂಟ್‌ಸ್ಟೋನ್ಸ್' ಶುರುವಾಗಿ 166 ಕಂತುಗಳವರೆಗೆ ನಡೆಯಿತು. 1969ರಲ್ಲಿ 'ಸ್ಕೂಬಿ ಡೂ' ನಾಯಿ ಬಂತು.

1957 ಭಾರತಕ್ಕೂ ಮುಖ್ಯ ವರ್ಷ. ಡಿಸ್ನಿ ಸ್ಟುಡಿಯೊದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬವರು ಮುಂಬೈಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮ ಕಲಾವಿದರಿಗೆ ತರಬೇತಿ ಕೊಟ್ಟರು. ಅಲ್ಲಿ ಜಾತಕ ಕಥೆಯೊಂದನ್ನು ಆಧರಿಸಿ 'ದಿ ಬನಿಯನ್ ಡೀರ್' ಎಂಬ ಕಾರ್ಟೂನ್ ಆ ವರ್ಷ ತಯಾರಾಯಿತು. ಇಂದು ನಮ್ಮ ಬೆಂಗಳೂರಿನಲ್ಲೇ ಅನಿಮೇಶನ್ ಮಾಡುವ ಸ್ಟುಡಿಯೊಗಳಿವೆ. ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂದಿದೆ. ಆದರೆ ಎಷ್ಟು ಫ್ರೇಮಿಗೆ ಒಂದು ಹೆಜ್ಜೆ ಎಂಬ ಲೆಕ್ಕವನ್ನು ಇಂದಿಗೂ ಯಾರೂ ಬಿಟ್ಟಿಲ್ಲ.

ಉಳಿದ ನಗು

ವಿಲಿಯಂ ಹ್ಯಾನಾ 2001ರ ಮಾರ್ಚ್ 22ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅರವತ್ತು ವರ್ಷಕ್ಕೂ ಮೀರಿ ಅವರ ಜೊತೆಗಾರರಾಗಿದ್ದ ಬಾರ್ಬೆರಾ 2006ರ ಡಿಸೆಂಬರ್ 18ರಂದು ನಿಧನರಾದರು.

ನನಗೆ ಚಿತ್ರ ಬರೆಯಲು ಬರುವುದಿಲ್ಲ, ನನಗೆ ಹಾಡಲು ಬರುವುದಿಲ್ಲ ಎಂದು ನಿಮಗೂ ಆಗಾಗ ಅನ್ನಿಸುತ್ತದೆ, ಅಲ್ಲವೇ? ಹಾಗೆ ಅನ್ನಿಸಿದಾಗ ಕಾರು ತೊಳೆಯುತ್ತಿದ್ದ ಆ ತರುಣನನ್ನು ನೆನೆಯಿರಿ. ಬಾರದ್ದನ್ನು ಬಲ್ಲ ಗೆಳೆಯರ ಜೊತೆಗೂಡಿ, ತಮಗೆ ಬರುತ್ತಿದ್ದ ಎಣಿಕೆಯನ್ನೇ ಅವರು ತಿದ್ದಿ ತೀಡಿ ಬೆಳೆಸಿದರು. ಈ ಸಲ ಟಿ.ವಿ.ಯಲ್ಲಿ ಟಾಮ್ ಗಾಳಿಯಲ್ಲಿ ನಿಂತಾಗ ಒಂದು, ಎರಡು, ಮೂರು ಎಂದು ಎಣಿಸಿ ನೋಡಿ. ನಿಮ್ಮ ನಗು ಯಾವ ಎಣಿಕೆಗೆ ಬಂತು?

ನೀವೇ ಮಾಡಿ ನೋಡಿ: ಪುಸ್ತಕದ ಮೂಲೆಯಲ್ಲಿ ಪುಟಿಯುವ ಚೆಂಡು

ಬೇಕಾಗುವ ವಸ್ತುಗಳು: ಹಳೆಯ ನೋಟ್‌ಪುಸ್ತಕ, ಪೆನ್ಸಿಲ್, ಅಳತೆಪಟ್ಟಿ.

1. ಪುಸ್ತಕದ ಕೊನೆಯ ಹಾಳೆಯ ಹೊರ ಅಂಚಿನಲ್ಲಿ, ಕೆಳಗಿನಿಂದ ಸುಮಾರು ಆರು ಸೆಂಟಿಮೀಟರ್ ಎತ್ತರದಲ್ಲಿ ಒಂದು ಪುಟ್ಟ ಚೆಂಡು ಬರೆಯಿರಿ.

2. ಅದರ ಹಿಂದಿನ ಹಾಳೆಯಲ್ಲಿ ಚೆಂಡನ್ನು 1 ಮಿಲಿಮೀಟರ್ ಕೆಳಗೆ ಬರೆಯಿರಿ. ಹೀಗೆಯೇ ಒಂದೊಂದು ಹಾಳೆ ಹಿಂದೆ ಬರುತ್ತ, ಅಲ್ಲಿಂದ 3, ನಂತರ 5, 7, 9, 11, 13 ಮಿಲಿಮೀಟರ್ ಕೆಳಗೆ ಇಳಿಸುತ್ತ ಹೋಗಿ. ಒಟ್ಟು ಎಂಟು ಚೆಂಡುಗಳಾದವು.

3. ಈಗ ಅದೇ ಲೆಕ್ಕವನ್ನು ಹಿಂದುಮುಂದು ಮಾಡಿ. 13, 11, 9, 7, 5, 3, 1 ಮಿಲಿಮೀಟರ್ ಮೇಲಕ್ಕೆ ಏರಿಸುತ್ತ ಇನ್ನೂ ಏಳು ಹಾಳೆಗಳಲ್ಲಿ ಬರೆಯಿರಿ.

4. ಕೊನೆಯ ಹಾಳೆಯಿಂದ ಆರಂಭಿಸಿ, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಡಿ. ಚೆಂಡು ಬಿದ್ದು ಪುಟಿಯುತ್ತದೆ!

5. ಇನ್ನೊಂದು ಹಳೆಯ ಪುಸ್ತಕದಲ್ಲಿ ಪ್ರತಿ ಸಲವೂ 7 ಮಿಲಿಮೀಟರ್ ಅಂತರವಿಟ್ಟು ಹೀಗೆಯೇ ಮಾಡಿ. ಚೆಂಡು ಇಳಿಯುವ ಒಟ್ಟು ದೂರ ಎರಡರಲ್ಲೂ 49 ಮಿಲಿಮೀಟರ್. ಯಾವ ಚೆಂಡು ನಿಜವಾಗಿ ಬಿದ್ದಂತೆ ಕಾಣುತ್ತದೆ? ಏಕೆ? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ಶಿಕ್ಷಕರಿಗೆ ತೋರಿಸಿ.